ಮಹಾವೀರಾಚಾರ್ಯರು ಮತ್ತು ನಮ್ಮ ಲಘುಗಣಕ

ಕನ್ನಡ ನಾಡಿನ ಹಿರಿಮೆಯನ್ನು ಎತ್ತಿ ಹೇಳುವ ಸಂದರ್ಭ ಬಂದಾಗಲೆಲ್ಲ ನಾವು ಪಂಪ ರನ್ನರನ್ನು, ಬಸವಾದಿ ಶರಣರನ್ನು, ಪುರಂದರ ಕನಕರನ್ನು ನೆನೆಯುತ್ತೇವೆ. ಅದು ಯೋಗ್ಯವೂ ಆಗಿದೆ. ಆದರೆ ಪಂಪನು ಹುಟ್ಟುವುದಕ್ಕೆ ಸುಮಾರು ಅರ್ಧ ಶತಮಾನ ಮೊದಲೇ, ಕ್ರಿ.ಶ. 850ರ ಸುಮಾರಿನಲ್ಲಿ, ಕನ್ನಡ ಅರಸನೊಬ್ಬನ ಆಳ್ವಿಕೆಯಲ್ಲಿ ಬಾಳಿ, ಗಣಿತವೊಂದಕ್ಕೇ ಮೀಸಲಾದ ದೊಡ್ಡ ಗ್ರಂಥವನ್ನು ರಚಿಸಿದ ಮಹನೀಯರನ್ನು ಅಷ್ಟಾಗಿ ನೆನೆಯುವುದಿಲ್ಲ. ಅವರೇ ‘ಗಣಿತಸಾರಸಂಗ್ರಹ’ದ ಕರ್ತೃಗಳಾದ ಮಹಾವೀರಾಚಾರ್ಯರು. ಶಾಲೆಯ ಸುವರ್ಣ ಮಹೋತ್ಸವದ ಈ ಶುಭ ಸಂದರ್ಭದಲ್ಲಿ ಆ ಮಹಾನುಭಾವರ ಜೀವನ ಸಾಧನೆಯನ್ನು ಸ್ಮರಿಸುವುದು ಉಚಿತವೆಂದು ಭಾವಿಸಿ ಈ ಕೆಲವು ಮಾತುಗಳನ್ನು ಬರೆಯುತ್ತಿದ್ದೇನೆ.

ಇದಕ್ಕೆ ಇನ್ನೊಂದು ಕಾರಣವೂ ಉಂಟು. ಬೀಜಗಣಿತದ ಪಾಠಗಳಲ್ಲಿ ಮಕ್ಕಳನ್ನು ಅತಿ ಹೆಚ್ಚು ಕಂಗೆಡಿಸುವುದು ಘಾತಾಂಕ ಮತ್ತು ಲಘುಗಣಕಗಳ ಪಾಠ. ಕೂಡುವುದು, ಕಳೆಯುವುದು ಕೈಬೆರಳಿಗೆ ಸಿಗುತ್ತದೆ. ಲಘುಗಣಕವು ಮಾತ್ರ ಎಲ್ಲಿಂದಲೋ ಬಂದ ಪರದೇಶದ ವಿದ್ಯೆಯೆಂಬ ಭಾವನೆ ಬಲವಾಗಿ ಬೇರೂರಿದೆ. ಸೂತ್ರಗಳನ್ನು ಉರುಹೊಡೆದು, ಕೋಷ್ಟಕದ ಪುಸ್ತಕ ತೆರೆದು, ಪರೀಕ್ಷೆ ಮುಗಿದೊಡನೆ ಮರೆತುಬಿಡುವ ವಿದ್ಯಾರ್ಥಿಗಳೇ ಬಹಳ. ಆದರೆ ಲಘುಗಣಕದ ತಿರುಳಾದ ಪ್ರಶ್ನೆಯನ್ನು ಸಾವಿರದ ನೂರು ವರ್ಷಗಳಿಗೂ ಹಿಂದೆ ಮಹಾವೀರಾಚಾರ್ಯರು ತಮ್ಮ ಶಿಷ್ಯರ ಮುಂದೆ ಸರಳವಾಗಿ ಇಟ್ಟಿದ್ದರು. ಆ ಪ್ರಶ್ನೆ ಎರಡೇ ಪದಗಳದ್ದು: ಎಷ್ಟು ಸಲ? ಇದೊಂದನ್ನು ಮನಸ್ಸಿಗೆ ತಂದುಕೊಂಡರೆ ಪಾಠದ ಮುಕ್ಕಾಲು ಭಾಗದ ಭಯ ಕರಗಿಹೋಗುತ್ತದೆ.

ಆಚಾರ್ಯರ ಕಾಲ

ಆಚಾರ್ಯರು ಬಾಳಿದ್ದು ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ. ನೃಪತುಂಗನು ಕ್ರಿ.ಶ. 814ರಿಂದ 878ರವರೆಗೆ, ಅರವತ್ತಕ್ಕೂ ಹೆಚ್ಚು ವರ್ಷ, ಆಳಿದ ದೊರೆ. ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ ಅಂದಿನ ಮಾನ್ಯಖೇಟ. ಅದು ಅವನ ರಾಜಧಾನಿ. ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಮೊದಲನೆಯದಾದ ‘ಕವಿರಾಜಮಾರ್ಗ’ವು ಹುಟ್ಟಿದ್ದು ಇದೇ ಆಸ್ಥಾನದಲ್ಲಿ. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡ ನಾಡು ಹಬ್ಬಿತ್ತೆಂದು ಆ ಗ್ರಂಥದಿಂದಲೇ ನಮಗೆ ತಿಳಿದುಬರುತ್ತದೆ. ‘ಆದಿಪುರಾಣ’ವನ್ನು ಸಂಸ್ಕೃತದಲ್ಲಿ ರಚಿಸಿದ ಜಿನಸೇನಾಚಾರ್ಯರನ್ನು ಅಮೋಘವರ್ಷನು ಗುರುವೆಂದು ಗೌರವಿಸುತ್ತಿದ್ದನು. ಒಬ್ಬನೇ ದೊರೆಯ ಆಳ್ವಿಕೆಯಲ್ಲಿ ಕನ್ನಡ ಕಾವ್ಯಶಾಸ್ತ್ರವೂ ಪುರಾಣವೂ ಗಣಿತವೂ ಏಕಕಾಲದಲ್ಲಿ ಅರಳಿದ್ದು ನಮ್ಮ ಇತಿಹಾಸದ ಒಂದು ಸುಯೋಗ.

ಮಹಾವೀರಾಚಾರ್ಯರು ಜೈನ ದಿಗಂಬರ ಪರಂಪರೆಗೆ ಸೇರಿದವರು. ಗ್ರಂಥದ ಆರಂಭದಲ್ಲಿ ಅವರು ಮಹಾವೀರ ಜಿನೇಂದ್ರನಿಗೆ ನಮಸ್ಕರಿಸಿ, ಬಳಿಕ ನೃಪತುಂಗನ ಆಳ್ವಿಕೆಯು ಅಭಿವೃದ್ಧಿಯಾಗಲೆಂದು ಹಾರೈಸಿದ್ದಾರೆ. ತಮ್ಮ ತಂದೆ ತಾಯಿಯರು ಯಾರು, ಊರು ಯಾವುದು ಎಂದು ಬರೆದುಕೊಳ್ಳುವ ಗೋಜಿಗೆ ಹೋಗಿಲ್ಲ. ಹಿಂದಿನ ಮಹರ್ಷಿಗಳ ಜ್ಞಾನಸಮುದ್ರದಿಂದ ತಾವು ಕೆಲವು ಸಾರವನ್ನಷ್ಟೇ ಆರಿಸಿ ತಂದುದಾಗಿ ವಿನಯದಿಂದ ತಿಳಿಸಿದ್ದಾರೆ. ಅವರ ಗ್ರಂಥವೇ ಅವರ ಜೀವನ ಚರಿತ್ರೆ.

ನಾವಿರುವ ಈ ಕೊಂಗುನಾಡಿಗೂ ಆ ಕಾಲಕ್ಕೂ ಸಂಬಂಧವಿಲ್ಲವೆಂದು ತಿಳಿಯಬಾರದು. ಅಮೋಘವರ್ಷನು ತನ್ನ ಮಗಳು ಚಂದ್ರೋಬಲಬ್ಬೆಯನ್ನು ತಲಕಾಡಿನ ಗಂಗರ ಮನೆತನದ ಬೂತುಗನಿಗೆ ಕೊಟ್ಟು ವಿವಾಹ ಮಾಡಿದ್ದನು. ಗಂಗರಾದರೋ ಕಾವೇರಿಯ ಈಚೆಯ ಸೀಮೆಯಲ್ಲಿಯೂ ಪ್ರಭಾವ ಹೊಂದಿದ್ದವರು. ತಿರುಪ್ಪೂರಿಗೆ ಸಮೀಪದ, ಈರೋಡು ಜಿಲ್ಲೆಯ ವಿಜಯಮಂಗಲದಲ್ಲಿ ಇಂದಿಗೂ ಹಳೆಯ ಜೈನ ದೇವಾಲಯವಿದೆ. ಘಟ್ಟದ ಮೇಲಿನ ನಾಡಿಗೂ ಕೆಳಗಿನ ನಾಡಿಗೂ ವಿದ್ಯೆ, ವ್ಯಾಪಾರ, ನಂಟಸ್ತಿಕೆಗಳ ಹಾದಿ ಬಹು ಹಿಂದಿನಿಂದಲೂ ತೆರೆದೇ ಇತ್ತು. ಅದೇ ಹಾದಿಯಲ್ಲಿ ಬಂದು ಇಲ್ಲಿ ಮಗ್ಗ ಹೂಡಿದವರ, ಹೊಲ ಉತ್ತವರ ಮೊಮ್ಮಕ್ಕಳೇ ನಮ್ಮಲ್ಲಿ ಅನೇಕರು.

ಗಣಿತಕ್ಕೇ ಮೀಸಲಾದ ಗ್ರಂಥ

ಆಚಾರ್ಯರಿಗೆ ಮೊದಲಿದ್ದ ಆರ್ಯಭಟ, ಬ್ರಹ್ಮಗುಪ್ತರು ಗಣಿತವನ್ನು ಜ್ಯೋತಿಶ್ಶಾಸ್ತ್ರದ ಒಂದು ಅಧ್ಯಾಯವಾಗಿ ಬರೆದರು. ಗ್ರಹಗತಿಯನ್ನು ತಿಳಿಯಲು ಬೇಕಾದಷ್ಟು ಲೆಕ್ಕ ಅಲ್ಲಿದೆ. ಮಹಾವೀರಾಚಾರ್ಯರು ಗ್ರಹ ನಕ್ಷತ್ರಗಳನ್ನು ಬದಿಗಿಟ್ಟು, ಗಣಿತವನ್ನು ಗಣಿತವಾಗಿಯೇ ಬೋಧಿಸಿದರು. ಸಾವಿರದ ನೂರಕ್ಕೂ ಹೆಚ್ಚು ಸಂಸ್ಕೃತ ಶ್ಲೋಕಗಳು, ಒಂಬತ್ತು ಅಧಿಕಾರಗಳು. ಮೊದಲು ಪರಿಭಾಷೆ ಮತ್ತು ಅಳತೆಗಳು; ಅನಂತರ ಗುಣಾಕಾರ, ಭಾಗಾಕಾರ, ವರ್ಗ, ವರ್ಗಮೂಲ, ಘನ, ಘನಮೂಲ ಹಾಗೂ ಶ್ರೇಢಿಗಳು; ಬಳಿಕ ಭಿನ್ನರಾಶಿಗಳು, ತ್ರೈರಾಶಿಕ, ಬಡ್ಡಿ ಮೊದಲಾದ ಮಿಶ್ರ ಲೆಕ್ಕಗಳು, ಕ್ಷೇತ್ರಗಣಿತ, ಅಗೆತದ ಲೆಕ್ಕ, ನೆರಳಿನ ಲೆಕ್ಕ. ಒಬ್ಬ ವ್ಯಾಪಾರಿಗೆ, ಅಕ್ಕಸಾಲಿಗೆ, ಶಿಲ್ಪಿಗೆ, ಶಾನುಭೋಗನಿಗೆ ಬೇಕಾದುದೆಲ್ಲ ಅದರಲ್ಲಿದೆ. ಸಂಗೀತ, ನಾಟಕ, ಪಾಕಶಾಸ್ತ್ರ, ವೈದ್ಯ, ವಾಸ್ತು ಯಾವುದನ್ನು ತೆಗೆದುಕೊಂಡರೂ ಗಣಿತವಿಲ್ಲದೆ ನಡೆಯದು ಎಂಬುದು ಅವರ ದೃಢ ನಂಬಿಕೆಯಾಗಿತ್ತು.

ಆಚಾರ್ಯರು ಒಳ್ಳೆಯ ಉಪಾಧ್ಯಾಯರೂ ಆಗಿದ್ದರೆಂಬುದು ಅವರ ಲೆಕ್ಕಗಳನ್ನು ನೋಡಿದವರಿಗೆ ಗೊತ್ತಾಗುತ್ತದೆ. 152207ನ್ನು 73ರಿಂದ ಗುಣಿಸಿದರೆ 11111111 ಬರುತ್ತದೆ. 142857143ನ್ನು 7ರಿಂದ ಗುಣಿಸಿದರೆ 1000000001 ಬರುತ್ತದೆ. ಇಂತಹ ಗುಣಲಬ್ಧಗಳನ್ನು ಅವರು ಕಂಠಿಕೆ ಎಂದು, ಅಂದರೆ ಕೊರಳ ಹಾರವೆಂದು ಕರೆದರು. ಬೇಸರದ ಗುಣಾಕಾರದ ಕೊನೆಯಲ್ಲಿ ಹಾರವೊಂದು ಮೂಡಿಬಂದರೆ ಯಾವ ಬಾಲಕನಿಗೆ ತಾನೆ ಸಂತೋಷವಾಗದು? ಋಣಸಂಖ್ಯೆಯು ಯಾವ ಸಂಖ್ಯೆಯ ವರ್ಗವೂ ಅಲ್ಲವಾದ್ದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದು ಅವರು ಸ್ಪಷ್ಟಪಡಿಸಿದರು. ಕೆಲವು ವಸ್ತುಗಳಲ್ಲಿ ಇಷ್ಟನ್ನು ಎಷ್ಟು ಬಗೆಯಲ್ಲಿ ಆರಿಸಬಹುದೆಂಬುದಕ್ಕೆ ಸಾಮಾನ್ಯ ಸೂತ್ರವನ್ನು ಕೊಟ್ಟರು.

ಸಂಖ್ಯಾಸ್ಥಾನಗಳಿಗೆ ಅವರು ಕೊಟ್ಟ ಹೆಸರುಗಳು ಇಪ್ಪತ್ತನಾಲ್ಕು. ಏಕದಿಂದ ಮೊದಲಾಗಿ ಮಹಾಕ್ಷೋಭದವರೆಗೆ. ಏಕ ಎಂಬುದು ಹತ್ತರ ಘಾತ 0 ಆದರೆ ಮಹಾಕ್ಷೋಭವು ಹತ್ತರ ಘಾತ 23. ಸ್ಥಾನಗಳ ಈ ಸಾಲಿನಲ್ಲಿಯೇ ಘಾತಾಂಕದ ಮೊದಲ ನಿಯಮ ಅಡಗಿದೆ. ಸಾವಿರದಲ್ಲಿ 3 ಸೊನ್ನೆ, ಲಕ್ಷದಲ್ಲಿ 5 ಸೊನ್ನೆ. ಲಕ್ಷವನ್ನು ಸಾವಿರದಿಂದ ಗುಣಿಸಿದರೆ 8 ಸೊನ್ನೆ, ಅಂದರೆ ಹತ್ತು ಕೋಟಿ. ಗುಣಿಸಿದ್ದು ಸಂಖ್ಯೆಗಳನ್ನು, ಕೂಡಿದ್ದು ಸೊನ್ನೆಗಳನ್ನು. ಆಧಾರ ಒಂದೇ ಆಗಿದ್ದಾಗ ಗುಣಾಕಾರದಲ್ಲಿ ಘಾತಾಂಕಗಳು ಕೂಡುತ್ತವೆ, ಭಾಗಾಕಾರದಲ್ಲಿ ಕಳೆಯುತ್ತವೆ ಎಂಬ ನಿಯಮವು ಇದಕ್ಕಿಂತ ಬೇರೆಯಲ್ಲ. ಸಾವಿರವನ್ನು ಸಾವಿರದಿಂದಲೇ ಭಾಗಿಸಿದರೆ 3ರಲ್ಲಿ 3 ಹೋಗಿ ಘಾತ 0 ಉಳಿಯುತ್ತದೆ, ಭಾಗಲಬ್ಧವಾದರೋ 1. ಯಾವ ಸಂಖ್ಯೆಗೇ ಆಗಲಿ (ಸೊನ್ನೆಯೊಂದನ್ನು ಬಿಟ್ಟು) ಘಾತ 0 ಆದರೆ ಬೆಲೆ 1 ಏಕೆ ಎಂದು ಕೇಳುವ ಮಕ್ಕಳಿಗೆ ಇದೇ ಉತ್ತರ.

ಎಂಟು ಊರುಗಳ ವ್ಯಾಪಾರಿ

ಈಗ ಮುಖ್ಯ ವಿಷಯಕ್ಕೆ ಬರೋಣ. ಗುಣೋತ್ತರ ಶ್ರೇಢಿಯ ಪಾಠದಲ್ಲಿ ಆಚಾರ್ಯರು ಒಬ್ಬ ಪುರುಷನ ಲೆಕ್ಕವನ್ನು ಕೊಟ್ಟಿದ್ದಾರೆ. ಅವನು ಮೊದಲ ಊರಿನಲ್ಲಿ ಎರಡು ಹೊನ್ನು ಗಳಿಸುತ್ತಾನೆ. ಮುಂದಿನ ಪ್ರತಿ ಊರಿನಲ್ಲಿಯೂ ಹಿಂದಿನ ಊರಿನ ಗಳಿಕೆಯ ಮೂರರಷ್ಟು ಸಂಪಾದಿಸುತ್ತಾನೆ. ಎಂಟನೆಯ ಊರಿನಲ್ಲಿ ಎಷ್ಟು? ಏಳು ಸಲ ಮೂರರಿಂದ ಗುಣಿಸಿದರೆ 2187, ಅದರ ಎರಡರಷ್ಟು 4374 ಹೊನ್ನು. ಎಂಟು ಊರುಗಳ ಒಟ್ಟು ಗಳಿಕೆ 6560 ಹೊನ್ನು. ಇದು ಘಾತಾಂಕದ ಲೆಕ್ಕ.

ಆದರೆ ಆಚಾರ್ಯರು ಅಷ್ಟಕ್ಕೇ ನಿಲ್ಲಲಿಲ್ಲ. ಪ್ರಶ್ನೆಯನ್ನು ತಿರುಗಿಸಿ ಹಾಕಿದರು. ಒಟ್ಟು ಗಳಿಕೆ ಗೊತ್ತು, ಮೊದಲ ಗಳಿಕೆ ಗೊತ್ತು, ಎಷ್ಟರಷ್ಟು ಹೆಚ್ಚುತ್ತದೆಂಬುದೂ ಗೊತ್ತು, ಊರುಗಳು ಎಷ್ಟು? ಇದಕ್ಕೆ ಅವರು ಕೊಟ್ಟ ವಿಧಾನವನ್ನು ಮೇಲಿನ ಲೆಕ್ಕಕ್ಕೇ ಅನ್ವಯಿಸಿ ನೋಡೋಣ. ಗುಣಕವಾದ 3ರಲ್ಲಿ ಒಂದು ಕಳೆದರೆ 2. ಒಟ್ಟು ಧನ 6560ನ್ನು ಅದರಿಂದ ಗುಣಿಸಿದರೆ 13120. ಮೊದಲ ಗಳಿಕೆ 2ರಿಂದ ಭಾಗಿಸಿದರೆ 6560. ಒಂದು ಕೂಡಿಸಿದರೆ 6561. ಈಗ ಇದನ್ನು ಮೂರರಿಂದ ಭಾಗಿಸುತ್ತಾ ಹೋಗಬೇಕು: 2187, 729, 243, 81, 27, 9, 3, 1. ಎಂಟು ಸಲ ಭಾಗವಾಯಿತು. ಆದ್ದರಿಂದ ಊರುಗಳು ಎಂಟು.

ಇಲ್ಲಿ ಓದುಗರು ಒಂದು ಕ್ಷಣ ನಿಲ್ಲಬೇಕು. 6561ನ್ನು ಮೂರರಿಂದ ಎಷ್ಟು ಸಲ ಭಾಗಿಸಿದರೆ ಒಂದು ಉಳಿಯುತ್ತದೆ ಎಂಬ ಪ್ರಶ್ನೆಯನ್ನೇ ಇಂದಿನ ಪುಸ್ತಕಗಳು ಬೇರೆ ಮಾತಿನಲ್ಲಿ ಕೇಳುತ್ತವೆ: ಆಧಾರ 3ಕ್ಕೆ 6561ರ ಲಘುಗಣಕವೆಷ್ಟು? ಉತ್ತರ ಎರಡಕ್ಕೂ ಒಂದೇ, ಎಂಟು. ಘಾತಾಂಕವು ಇಷ್ಟು ಸಲ ಗುಣಿಸು ಎಂದು ಅಪ್ಪಣೆ ಮಾಡುತ್ತದೆ. ಲಘುಗಣಕವು ಎಷ್ಟು ಸಲ ಗುಣಿಸಿದ್ದೀರಿ ಎಂದು ಕೇಳುತ್ತದೆ. ಒಂದು ಆಜ್ಞೆ, ಇನ್ನೊಂದು ವಿಚಾರಣೆ. ಇಷ್ಟೇ ವ್ಯತ್ಯಾಸ.

ದೊಡ್ಡ ಘಾತಗಳನ್ನು ಬೇಗ ಕಂಡುಹಿಡಿಯುವ ಉಪಾಯವೂ ಆಚಾರ್ಯರ ಗ್ರಂಥದಲ್ಲಿದೆ. ಛಂದಸ್ಸಿನ ಲೆಕ್ಕಕ್ಕಾಗಿ ಪಿಂಗಳನು ಬಹು ಹಿಂದೆಯೇ ಬಳಸಿದ್ದ ಕ್ರಮವನ್ನು ಅವರು ಗುಣೋತ್ತರ ಶ್ರೇಢಿಗೆ ಅನ್ವಯಿಸಿದರು. ಎರಡರ ಘಾತ 12 ಬೇಕೆನ್ನೋಣ. ಘಾತಾಂಕವು ಸಮವಾಗಿದ್ದರೆ ಅರ್ಧ ಮಾಡಿ ಸೊನ್ನೆ ಬರೆಯಬೇಕು. ಬೆಸವಾಗಿದ್ದರೆ ಒಂದು ಕಳೆದು ಒಂದೆಂದು ಬರೆಯಬೇಕು. 12ರ ಅರ್ಧ 6, ಬರೆದದ್ದು 0. 6ರ ಅರ್ಧ 3, ಬರೆದದ್ದು 0. 3 ಬೆಸ, ಒಂದು ಕಳೆದರೆ 2, ಬರೆದದ್ದು 1. 2ರ ಅರ್ಧ 1, ಬರೆದದ್ದು 0. ಆ ಒಂದನ್ನೂ ಕಳೆದರೆ ಶೂನ್ಯ, ಬರೆದದ್ದು 1. ಈಗ ಕೆಳಗಿನಿಂದ ಮೇಲಕ್ಕೆ ಬರಬೇಕು. 1 ಇರುವಲ್ಲಿ ಎರಡರಿಂದ ಗುಣಿಸಬೇಕು, 0 ಇರುವಲ್ಲಿ ವರ್ಗ ಮಾಡಬೇಕು. ಒಂದರಿಂದ ಹೊರಟರೆ 2, ಅದರ ವರ್ಗ 4, ಎರಡರಿಂದ ಗುಣಿಸಿ 8, ವರ್ಗ 64, ಮತ್ತೆ ವರ್ಗ 4096. ಹನ್ನೆರಡು ಎರಡುಗಳನ್ನು ಸಾಲಾಗಿ ಗುಣಿಸುವ ಬದಲು ಐದು ಹೆಜ್ಜೆಗಳಲ್ಲಿ ಉತ್ತರ ಬಂದಿತು. ವರ್ಗ ಮಾಡಿದಾಗ ಘಾತಾಂಕವು ಇಮ್ಮಡಿಯಾಗುತ್ತದೆ ಎಂಬ ನಿಯಮವೇ ಈ ಉಪಾಯದ ಬೆನ್ನೆಲುಬು. ಇಂದಿನ ಗಣಕಯಂತ್ರಗಳು ದೊಡ್ಡ ಘಾತಗಳನ್ನು ಕಂಡುಹಿಡಿಯುವುದೂ ಇದೇ ತತ್ತ್ವದಿಂದ.

ಮಡಿಕೆ ಮತ್ತು ಅರ್ಧಚ್ಛೇದ

ಆಚಾರ್ಯರ ಹಿರಿಯ ಸಮಕಾಲೀನರಾದ ವೀರಸೇನಾಚಾರ್ಯರನ್ನು ಇಲ್ಲಿ ನೆನೆಯಲೇಬೇಕು. ಅವರು ಮೇಲೆ ಹೇಳಿದ ಜಿನಸೇನರ ಗುರುಗಳು. ‘ಷಟ್ಖಂಡಾಗಮ’ಕ್ಕೆ ಅವರು ಬರೆದ ‘ಧವಲಾ’ ಟೀಕೆಯು ಕ್ರಿ.ಶ. 816ರಲ್ಲಿ ಮುಗಿಯಿತು. ಅದರಲ್ಲಿ ಅರ್ಧಚ್ಛೇದ ಎಂಬ ಮಾತು ಬರುತ್ತದೆ. ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧ ಮಾಡಬಹುದೋ ಅದು ಅದರ ಅರ್ಧಚ್ಛೇದ. 32ರ ಅರ್ಧಚ್ಛೇದ 5. ಮೂರರಿಂದ ಭಾಗಿಸಿದರೆ ತ್ರಿಕಚ್ಛೇದ, ನಾಲ್ಕರಿಂದಾದರೆ ಚತುರ್ಥಚ್ಛೇದ. ಎರಡು ಸಂಖ್ಯೆಗಳ ಗುಣಲಬ್ಧದ ಅರ್ಧಚ್ಛೇದವು ಅವುಗಳ ಅರ್ಧಚ್ಛೇದಗಳ ಮೊತ್ತಕ್ಕೆ ಸಮ, ಭಾಗಲಬ್ಧದ್ದು ಅವುಗಳ ಅಂತರಕ್ಕೆ ಸಮ ಎಂಬ ನಿಯಮಗಳನ್ನೂ ವೀರಸೇನರು ಬಲ್ಲವರಾಗಿದ್ದರು.

ನಮ್ಮ ನೇಕಾರರ ಮನೆಯ ಮಕ್ಕಳಿಗೆ ಇದನ್ನು ತಿಳಿಸುವುದು ಬಹಳ ಸುಲಭ. ಒಂದು ಪಂಚೆಯನ್ನು ಒಂದು ಸಲ ಮಡಿಸಿದರೆ ಎರಡು ಪದರ, ಎರಡು ಸಲ ಮಡಿಸಿದರೆ ನಾಲ್ಕು, ಮೂರು ಸಲಕ್ಕೆ ಎಂಟು, ನಾಲ್ಕು ಸಲಕ್ಕೆ ಹದಿನಾರು. ಪದರಗಳನ್ನು ಎಣಿಸಿದರೆ ಘಾತ, ಮಡಿಸಿದ ಸಲವನ್ನು ಎಣಿಸಿದರೆ ಲಘುಗಣಕ. 16 ಪದರ ಮಾಡಲು 4 ಸಲ, 64 ಪದರ ಮಾಡಲು 6 ಸಲ. ಹಾಗಾದರೆ 16ನ್ನು 64ರಿಂದ ಗುಣಿಸಿದಷ್ಟು ಪದರಕ್ಕೆ 4 ಕೂಡಿಸು 6, ಹತ್ತು ಸಲ, ಪದರಗಳು 1024. ಬಟ್ಟೆಯನ್ನು ಹತ್ತು ಸಲ ಮಡಿಸಲು ಕೈಗೆ ಸಾಧ್ಯವಾಗದಿದ್ದರೂ ಮನಸ್ಸಿಗೆ ಸಾಧ್ಯ.

ನಮ್ಮ ಮಕ್ಕಳು ತಮಿಳು ಪುಸ್ತಕದಲ್ಲಿ ಲಘುಗಣಕಕ್ಕೆ ‘ಮಡಕ್ಕೈ’ ಎಂಬ ಪದವನ್ನು ಕಾಣುತ್ತಾರೆ. ತಮಿಳಿನ ‘ಮಡಕ್ಕು’ ಎಂದರೆ ಮಡಿಸು. ಕನ್ನಡದ ಇಮ್ಮಡಿ, ಮುಮ್ಮಡಿ, ನೂರ್ಮಡಿಗಳಲ್ಲಿರುವ ಮಡಿಯೂ ಅದೇ ಭಾವದ್ದು. ಲಘುಗಣಕವೆಂಬ ನಮ್ಮ ಪದವಾದರೋ ಎಣಿಕೆಯ ಹೊರೆಯನ್ನು ಹಗುರ ಮಾಡುವುದೆಂಬ ಅರ್ಥವನ್ನು ಹೊತ್ತಿದೆ. ಎರಡು ಭಾಷೆ ಬಲ್ಲ ಮಗುವಿಗೆ ಒಂದು ಭಾಷೆಯು ಕ್ರಿಯೆಯನ್ನೂ ಇನ್ನೊಂದು ಪ್ರಯೋಜನವನ್ನೂ ತಿಳಿಸಿಕೊಡುತ್ತದೆ. ಇದು ಗಡಿಯಾಚೆ ಬೆಳೆದ ನಮ್ಮ ಮಕ್ಕಳಿಗೆ ದೊರೆತ ಭಾಗ್ಯವೆಂದೇ ನಾನು ತಿಳಿಯುತ್ತೇನೆ.

ಕೋಷ್ಟಕದ ಪುಸ್ತಕ

ಎಂಟು ಸಲ, ಹತ್ತು ಸಲ ಎಂದು ಪೂರ್ಣಸಂಖ್ಯೆಯಲ್ಲಿ ಉತ್ತರ ಬರುವ ಲೆಕ್ಕಗಳು ಕೆಲವೇ. 5 ಬರಬೇಕಾದರೆ ಎರಡನ್ನು ಎಷ್ಟು ಸಲ ಗುಣಿಸಬೇಕು? ಎರಡು ಸಲಕ್ಕೆ 4, ಮೂರು ಸಲಕ್ಕೆ 8. ಉತ್ತರವು ಎರಡಕ್ಕೂ ಮೂರಕ್ಕೂ ನಡುವೆ ಎಲ್ಲಿಯೋ ಇದೆ. ಈ ನಡುವಿನ ಸ್ಥಾನಗಳನ್ನು ತುಂಬಿ, ಎಲ್ಲ ಸಂಖ್ಯೆಗಳಿಗೂ ಉಪಯೋಗವಾಗುವ ಕೋಷ್ಟಕವನ್ನು ಸಿದ್ಧಪಡಿಸಿದ ಕೀರ್ತಿ ಸ್ಕಾಟ್ಲೆಂಡಿನ ಜಾನ್ ನೇಪಿಯರ್ ಮಹಾಶಯರಿಗೆ ಸಲ್ಲುತ್ತದೆ. 1550ರಲ್ಲಿ ಹುಟ್ಟಿದ ಅವರು ಸುಮಾರು ಇಪ್ಪತ್ತು ವರ್ಷ ದುಡಿದು 1614ರಲ್ಲಿ ತಮ್ಮ ಕೋಷ್ಟಕವನ್ನು ಪ್ರಕಟಿಸಿದರು, 1617ರಲ್ಲಿ ತೀರಿಕೊಂಡರು. ಲಂಡನ್ನಿನ ಪ್ರಾಧ್ಯಾಪಕ ಹೆನ್ರಿ ಬ್ರಿಗ್ಸ್ ಅವರನ್ನು ಕಂಡು ಸಮಾಲೋಚಿಸಿ, ಹತ್ತನ್ನೇ ಆಧಾರವಾಗಿಟ್ಟುಕೊಂಡ ಸಾಮಾನ್ಯ ಲಘುಗಣಕಗಳನ್ನು 1617ರಲ್ಲಿಯೂ 1624ರಲ್ಲಿಯೂ ಹೊರತಂದರು. ನಮ್ಮ ತಲೆಮಾರಿನವರು ಮಡಿಲಲ್ಲಿಟ್ಟುಕೊಂಡು ಪರೀಕ್ಷೆಗೆ ಹೋಗುತ್ತಿದ್ದ ಕ್ಲಾರ್ಕ್ ಟೇಬಲ್ ಪುಸ್ತಕವು ಆ ಬ್ರಿಗ್ಸ್ ಮಹಾಶಯರ ಕೋಷ್ಟಕದ ಮೊಮ್ಮಗ.

ಅದರಲ್ಲಿ 2ಕ್ಕೆ 0.3010 ಎಂದೂ 3ಕ್ಕೆ 0.4771 ಎಂದೂ ಇದೆ. ಕೂಡಿದರೆ 0.7781. 6ರ ಮುಂದೆ ನೋಡಿದರೆ 0.7782. ಕೊನೆಯ ಅಂಕಿಯ ಈ ವ್ಯತ್ಯಾಸವು ತಪ್ಪಲ್ಲ. ನಾಲ್ಕನೆಯ ಸ್ಥಾನಕ್ಕೆ ಅಂದಾಜು ಮಾಡಿದುದರ ಫಲ. ನೇಪಿಯರ್ ಮಹಾಶಯರ ಸಾಧನೆ ಅವರದೇ. ಮಹಾವೀರಾಚಾರ್ಯರು ಲಘುಗಣಕ ಕೋಷ್ಟಕವನ್ನು ಕಂಡುಹಿಡಿದರೆಂದು ಅಭಿಮಾನದ ಭರದಲ್ಲಿ ಹೇಳಿದರೆ ಅದು ಸತ್ಯಕ್ಕೆ ದೂರವಾಗುತ್ತದೆ. ಪೂರ್ಣಸಂಖ್ಯೆಗಳಲ್ಲಿ ಎಷ್ಟು ಸಲ ಎಂಬ ಪ್ರಶ್ನೆಯನ್ನು ಕೇಳಿ ಉತ್ತರಿಸುವ ಕ್ರಮವನ್ನು ಅವರು ಬೋಧಿಸಿದರು ಎಂಬಷ್ಟೇ ನಿಜ. ನಮ್ಮ ಮಕ್ಕಳಿಗೆ ಬೇಕಾದ ಮೊದಲ ಮೆಟ್ಟಿಲು ಅದೇ ಆಗಿದೆ.

ನಮ್ಮ ಊರಿನ ಲೆಕ್ಕಗಳು

ಕ್ಯಾಲ್ಕುಲೇಟರ್ ಬಂದ ಮೇಲೆ ಈ ವಿದ್ಯೆ ಏಕೆ ಬೇಕು ಎನ್ನುವವರಿದ್ದಾರೆ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಗೆ ಸಾಲ ಪಡೆದು ಮಗ್ಗಕ್ಕೋ ಮದುವೆಗೋ ಹಾಕುವ ಕುಟುಂಬಗಳು ನಮ್ಮಲ್ಲಿ ಇಲ್ಲದಿಲ್ಲ. ಒಂದು ಲಕ್ಷಕ್ಕೆ ಸರಳ ಬಡ್ಡಿಯಾದರೆ ಎರಡು ವರ್ಷಕ್ಕೆ ಅಸಲು ಬಡ್ಡಿ ಸೇರಿ 1,72,000 ರೂಪಾಯಿ. ಬಡ್ಡಿ ಕಟ್ಟದೆ ಅದು ತಿಂಗಳು ತಿಂಗಳು ಅಸಲಿಗೆ ಸೇರುತ್ತಾ ಹೋದರೆ? ಪ್ರತಿ ತಿಂಗಳೂ 1.03ರಿಂದ ಗುಣಿಸಬೇಕು. ಎಷ್ಟು ಸಲಕ್ಕೆ ಸಾಲ ಇಮ್ಮಡಿಯಾಗುತ್ತದೆ? 2ರ ಲಘುಗಣಕ 0.3010ನ್ನು 1.03ರ ಲಘುಗಣಕ 0.0128ರಿಂದ ಭಾಗಿಸಿದರೆ ಇಪ್ಪತ್ತಮೂರೂವರೆ. ಅಂದರೆ ಇಪ್ಪತ್ತನಾಲ್ಕನೆಯ ತಿಂಗಳ ಕೊನೆಗೆ ಸಾಲ ಎರಡು ಲಕ್ಷವನ್ನು ದಾಟಿರುತ್ತದೆ. ನಾಲ್ಕು ವರ್ಷಕ್ಕೆ ನಾಲ್ಕು ಲಕ್ಷವನ್ನೂ ದಾಟುತ್ತದೆ. ಪಂಚೆಯ ಮಡಿಕೆಯೇ ಇಲ್ಲಿ ಸಾಲದ ಮಡಿಕೆಯಾಗಿ ಬರುತ್ತದೆ. ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ಮೊದಲು ಮನೆಯ ಮಗಳೊಬ್ಬಳು ಎಷ್ಟು ಸಲ ಎಂದು ಕೇಳಬಲ್ಲವಳಾದರೆ ಆ ಮನೆ ಉಳಿಯುತ್ತದೆ.

ತಿರುಪ್ಪೂರಿನವರಿಗೆ ಇನ್ನೊಂದು ಉದಾಹರಣೆ. ಬಣ್ಣದ ಕಾರ್ಖಾನೆಯ ನೀರಿನ ಆಮ್ಲ ಕ್ಷಾರ ಗುಣವನ್ನು ಅಳೆಯುವ ಪಿಎಚ್ ಎಂಬ ಮಾನವು ಹತ್ತರ ಆಧಾರದ ಲಘುಗಣಕವೇ. ಡೆನ್ಮಾರ್ಕಿನ ಸೊರೆನ್ಸೆನ್ ಅದನ್ನು 1909ರಲ್ಲಿ ಬಳಕೆಗೆ ತಂದರು. ಶುದ್ಧ ನೀರು 7. ಅದು 9ಕ್ಕೆ ಏರಿದರೆ ಎರಡು ಅಂಕವಷ್ಟೇ ಹೆಚ್ಚಿತೆಂದು ತಿಳಿಯಬಾರದು, ಕ್ಷಾರವು ನೂರ್ಮಡಿಯಾಗಿದೆ. 10ಕ್ಕೆ ಏರಿದರೆ ಸಾವಿರ ಮಡಿ. ನೊಯ್ಯಲ್ ನದಿಗೆ ಹರಿಯುತ್ತಿದ್ದ ಬಣ್ಣದ ನೀರಿನ ಕಾರಣದಿಂದ 2011ರ ಜನವರಿಯಲ್ಲಿ ಮದ್ರಾಸು ಉಚ್ಚ ನ್ಯಾಯಾಲಯವು ತಿರುಪ್ಪೂರಿನ ಬಣ್ಣದ ಘಟಕಗಳನ್ನು ಮುಚ್ಚಿಸಲು ಆದೇಶಿಸಿದ್ದು, ಎಷ್ಟೋ ಮನೆಗಳಲ್ಲಿ ಕೆಲಸ ನಿಂತದ್ದು ನಮಗೆಲ್ಲ ನೆನಪಿದೆ. ನದಿಯ ಆರೋಗ್ಯದ ಅಂಕಿಯನ್ನು ಓದಲೂ ಲಘುಗಣಕ ಬೇಕು.

ಆಚಾರ್ಯರ ಒಂದು ತಪ್ಪು

ಮಹನೀಯರ ಚರಿತ್ರೆ ಬರೆಯುವಾಗ ಅವರ ಕುಂದನ್ನು ಮುಚ್ಚಿಡುವುದು ಗುರುಭಕ್ತಿಯಲ್ಲ. ಒಂದು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಹಾಗೆಯೇ ಉಳಿಯುತ್ತದೆಂದು ಆಚಾರ್ಯರು ಬರೆದಿದ್ದಾರೆ. ಅದು ಸರಿಯಲ್ಲ. ಭಾಗಿಸಿದರೂ ಬದಲಾಗದಂತೆ ಮಾಡುವುದು ಸೊನ್ನೆಯಲ್ಲ, ಒಂದು. 12ನೆಯ ಶತಮಾನದ ಭಾಸ್ಕರಾಚಾರ್ಯರು ಸೊನ್ನೆಯಿಂದ ಭಾಗಿಸಿದ ರಾಶಿಯನ್ನು ಅನಂತವೆಂದು ಎಣಿಸಿದರು. ಇಂದಿನ ಗಣಿತವು ಆ ಭಾಗಾಕಾರಕ್ಕೆ ಅರ್ಥವೇ ಇಲ್ಲವೆನ್ನುತ್ತದೆ. ಈ ಚರ್ಚೆಯಿಂದ ಮಕ್ಕಳಿಗೆ ಒಂದು ಲಾಭವಿದೆ. ಒಂದನ್ನು ಲಘುಗಣಕದ ಆಧಾರವಾಗಿ ಏಕೆ ಇಡಬಾರದು? ಒಂದರಿಂದ ಎಷ್ಟು ಸಲ ಭಾಗಿಸಿದರೂ ಸಂಖ್ಯೆ ಕದಲುವುದಿಲ್ಲ. ಎಷ್ಟು ಸಲ ಎಂಬ ಪ್ರಶ್ನೆಗೆ ಉತ್ತರ ಎಂದಿಗೂ ಬಾರದು. ಹಿರಿಯರು ಎಡವಿದ ಕಲ್ಲು ಕಿರಿಯರಿಗೆ ಮೆಟ್ಟಿಲಾಗಬಹುದು.

ಗ್ರಂಥವು ಉಳಿದುಬಂದ ಬಗೆ

ಆಚಾರ್ಯರು ಕಾಲವಾದ ಮೇಲೆ ಅವರ ಗ್ರಂಥವು ದಕ್ಷಿಣ ಭಾರತದಲ್ಲಿ ಹಬ್ಬಿತು. 11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಅದನ್ನು ತೆಲುಗಿಗೆ ತಂದನು. 12ನೆಯ ಶತಮಾನದ ರಾಜಾದಿತ್ಯನು ಕನ್ನಡದಲ್ಲಿಯೇ ‘ವ್ಯವಹಾರಗಣಿತ’ ಮೊದಲಾದ ಗ್ರಂಥಗಳನ್ನು ರಚಿಸಿ, ಲೆಕ್ಕವನ್ನು ತಾಯ್ನುಡಿಯಲ್ಲಿ ಹೇಳಬಹುದೆಂಬುದನ್ನು ತೋರಿಸಿದನು. ವಲ್ಲಭನೆಂಬ ವಿದ್ವಾಂಸನು ಗಣಿತಸಾರಸಂಗ್ರಹಕ್ಕೆ ಕನ್ನಡ ಟೀಕೆಯನ್ನು ಬರೆದನು.

ಅನಂತರ ಬಹುಕಾಲ ಈ ಗ್ರಂಥವು ಓಲೆಗರಿಗಳಲ್ಲಿ ಮರೆಯಾಗಿತ್ತು. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಂಸ್ಕೃತ ಪ್ರಾಧ್ಯಾಪಕರಾಗಿದ್ದ ಎಂ. ರಂಗಾಚಾರ್ಯರು ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದ ಮೇಲ್ವಿಚಾರಣೆಯನ್ನೂ ನೋಡಿಕೊಳ್ಳುತ್ತಿದ್ದರು. ಅವರು ಮದ್ರಾಸು, ಮೈಸೂರು, ಮೂಡಬಿದಿರೆಗಳಿಂದ ಪ್ರತಿಗಳನ್ನು ದೊರಕಿಸಿ, ಹೋಲಿಸಿ, ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಮದ್ರಾಸಿನಲ್ಲಿ ಪ್ರಕಟಿಸಿದರು. ಅಮೆರಿಕದ ಗಣಿತ ಚರಿತ್ರಕಾರ ಡೇವಿಡ್ ಯೂಜೀನ್ ಸ್ಮಿತ್ ಅದಕ್ಕೆ ಪ್ರಸ್ತಾವನೆ ಬರೆದರು. ಜಗತ್ತಿಗೆ ಮಹಾವೀರಾಚಾರ್ಯರ ಪರಿಚಯವಾದುದು ಆಗಲೇ. ರಂಗಾಚಾರ್ಯರಿಗೆ ದೊರೆತ ಪ್ರತಿಗಳಲ್ಲಿ ಕನ್ನಡ ಲಿಪಿಯವು ಮುಖ್ಯವಾಗಿದ್ದವು ಎಂಬುದನ್ನು ನಾವು ಮರೆಯಬಾರದು. ವೀರಸೇನರ ಧವಲಾ ಟೀಕೆಯೂ ಮೂಡಬಿದಿರೆಯ ಬಸದಿಯಲ್ಲಿ ಹಳಗನ್ನಡ ಲಿಪಿಯ ಓಲೆಗಳಲ್ಲಿಯೇ ಉಳಿದುಬಂದಿತು. ಅದರ ಮುದ್ರಣ 1939ರಲ್ಲಿ ಆರಂಭವಾಯಿತು. ಗಣಿತಸಾರಸಂಗ್ರಹದ ಕನ್ನಡ ಅನುವಾದವನ್ನು ಪ್ರೊ. ಪದ್ಮಾವತಮ್ಮನವರು ಸಿದ್ಧಪಡಿಸಿ, 2000ದಲ್ಲಿ ಹೊಂಬುಜದಿಂದ ಅದು ಪ್ರಕಟವಾಯಿತು.

ಒಂದು ವಿದ್ಯೆಯು ಸಾವಿರ ವರ್ಷ ಬದುಕಬೇಕಾದರೆ ಅದನ್ನು ಕಂಡುಹಿಡಿದವರು ಮಾತ್ರ ಸಾಲದು. ಹುಳ ತಿಂದ ಓಲೆಯನ್ನು ಮುಂದಿಟ್ಟುಕೊಂಡು, ಹೊಸ ಓಲೆಯ ಮೇಲೆ ಕಂಠದಿಂದ ಕೊರೆದು ಪ್ರತಿ ಮಾಡಿದ ಹೆಸರಿಲ್ಲದ ಲಿಪಿಕಾರರು ಬೇಕು. ಆ ಲಿಪಿಯನ್ನು ಓದಬಲ್ಲ ಮಕ್ಕಳು ಬೇಕು. ಮೂಡಬಿದಿರೆಯಲ್ಲಿ ಕನ್ನಡ ಅಕ್ಷರ ಬಲ್ಲವರು ಇಲ್ಲದಿದ್ದರೆ ಆ ಓಲೆಗಳು ಬರಿಯ ಒಣಗರಿಗಳಾಗುತ್ತಿದ್ದವು.

ಐವತ್ತು ವರ್ಷಗಳಿಂದ ನಮ್ಮ ಶಾಲೆಯು ಮಾಡಿಕೊಂಡು ಬಂದಿರುವ ಕೆಲಸವೂ ಇದೇ. ತಮಿಳು ಈ ನೆಲದ ಭಾಷೆ. 2006ರ ಕಾಯ್ದೆಯ ಬಳಿಕ ಎಲ್ಲ ಮಕ್ಕಳೂ ಅದನ್ನು ಕಲಿಯುತ್ತಾರೆ, ಕಲಿಯಲೇಬೇಕು. ಇಂಗ್ಲಿಷ್ ಉದ್ಯೋಗಕ್ಕೆ ಬೇಕು. ಕನ್ನಡವು ಮನೆಯ ಮಾತಿನಲ್ಲಷ್ಟೇ ಉಳಿದು ಅಕ್ಷರವು ಮರೆತುಹೋದರೆ, ಮುಂದಿನ ತಲೆಮಾರಿಗೆ ಆಚಾರ್ಯರ ಹೆಸರು ಕೇಳಿದ್ದು ಮಾತ್ರ ಉಳಿಯುತ್ತದೆ. ಅವರ ಪುಸ್ತಕವನ್ನು ಕನ್ನಡದಲ್ಲಿ ತೆರೆದು ಓದುವ ಶಕ್ತಿ ಉಳಿಯದು. ಶಾಲೆಯ ಹಳೆಯ ವಿದ್ಯಾರ್ಥಿಗಳೂ ಪೋಷಕರೂ ವಾರಕ್ಕೊಂದು ಸಂಜೆ ಮನೆಯ ಮಕ್ಕಳನ್ನು ಕೂರಿಸಿಕೊಂಡು, ಎಂಟು ಊರುಗಳ ಆ ವ್ಯಾಪಾರಿಯ ಲೆಕ್ಕವನ್ನು ಕನ್ನಡದಲ್ಲಿ ಹೇಳಿ, ಕನ್ನಡ ಅಕ್ಷರಗಳಲ್ಲಿ ಬರೆಸಬೇಕೆಂದು ನನ್ನ ವಿನಮ್ರ ಪ್ರಾರ್ಥನೆ. ಒಬ್ಬರು ಇಬ್ಬರಿಗೆ, ಆ ಇಬ್ಬರು ನಾಲ್ವರಿಗೆ ಹೇಳಿಕೊಟ್ಟರೆ ಇಡೀ ಊರಿಗೆ ತಲುಪಲು ಎಷ್ಟು ಸಲ ಬೇಕಾದೀತೆಂದು ಮಕ್ಕಳೇ ಲೆಕ್ಕ ಹಾಕಲಿ.